ಕೊನೆಯ ನೀರಿಗೆ ನಾಲ್ಕು ಹನಿ ನೀಲಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಒಂದು ವರ್ಷದಿಂದ ನಾನು ಬರೆದದ್ದೆಲ್ಲ ಲಾಂಡ್ರಿ ಬಟ್ಟೆಗೆ ಕಟ್ಟುವ ಚೀಟಿಗಳ ಮೇಲೆ. ಹೆಬ್ಬೆರಳಗಲದ ಜಾಗದಲ್ಲಿ ‘ಅಂಗಿ, ಬಿಳಿ, ಕಾಲರಿನಲ್ಲಿ ಕಲೆ’ ಎಂದು ಬರೆದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಇಲ್ಲಿಯೂ ಅಕ್ಷರಗಳು ಜಾಗ ಸಾಲದವರ ಹಾಗೆ ಒಂದನ್ನೊಂದು ತಳ್ಳಿಕೊಂಡು ನಿಂತಿವೆ. ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಇರುವಷ್ಟನ್ನು ತೊಳೆದು, ಒಣಗಿಸಿ, ಮಡಿಸಿ ಇಟ್ಟಿದ್ದೇನೆ. ಇನ್ನೊಂದು ಮಾತು. ‘ನಾನು’ ಎಂದು ಬರೆಯಲು ಹೋದರೆ ನಾಚಿಕೆಯಿಂದ ಪೆನ್ನು ಮುಂದೆ ಸರಿಯುವುದಿಲ್ಲ. ಆದ್ದರಿಂದ ಇದರಲ್ಲಿ ಒಬ್ಬಳು ಹುಡುಗಿ ಬರುತ್ತಾಳೆ. ಅವಳು ಮಾಡಿದ್ದೆಲ್ಲ ನಾನೇ ಮಾಡಿದ್ದು. ನಗುವುದಾದರೆ ಅವಳನ್ನು ನೋಡಿ ನಗಿ.

ಹುಡುಗಿಗೆ ಹದಿನಾರು ವರ್ಷ. ಒಂಬತ್ತನೇ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದಾಗ ಅವಳ ದನಿ ಗಂಟಲಲ್ಲೇ ಕೂತುಬಿಟ್ಟಿತು. ಅದು ದಿನಾ ಹಾಗೆ ಕೂರಲು ಶುರುಮಾಡಿದಾಗ ಅವಳೂ ಮನೆಯಲ್ಲಿ ಕೂತಳು. ಆಗ ಚಿಕ್ಕಮ್ಮ ಬಂದು, ಮನೆಯಲ್ಲಿ ಕೂರುವ ಬದಲು ನನ್ನ ಲಾಂಡ್ರಿಯಲ್ಲಿ ನಿಲ್ಲಲಿ, ಬಟ್ಟೆಗಳು ಯಾರಿಗೂ ಗಟ್ಟಿಯಾಗಿ ಓದು ಅನ್ನುವುದಿಲ್ಲ ಎಂದು ಕೈಹಿಡಿದು ಕರೆದುಕೊಂಡು ಹೋದಳು. ಅಲ್ಲಿ ಒಗೆಯುವುದು ಚಿಕ್ಕಮ್ಮನ ಪಾಲು, ಇಸ್ತ್ರಿ ಚಿಕ್ಕಪ್ಪನ ಪಾಲು, ನಡುವೆ ಇರುವುದೆಲ್ಲ ಹುಡುಗಿಯ ಪಾಲು. ಇಸ್ತ್ರಿ ಪೆಟ್ಟಿಗೆಯ ಹಬೆ ‘ಸುಸ್’ ಎಂದರೆ ಸಾಕು, ಅವಳ ಮಾತು ಅದರಡಿ ಮುಚ್ಚಿಹೋಗುತ್ತಿತ್ತು. ಚಿಕ್ಕಪ್ಪ ಅವಳಿಗೆ ‘ಪಿಸು’ ಎಂದೇ ಹೆಸರಿಟ್ಟಿದ್ದರು.

ಆದರೆ ಕೆಲಸದಲ್ಲಿ ಮಾತ್ರ ಪಿಸು ಹುಲಿ! ಅವಳ ಕೈಯಲ್ಲಿ ಒಂದು ಕಾಲುಚೀಲವೂ ಜೋಡಿ ತಪ್ಪಿದ್ದಿಲ್ಲ. ಬ್ಯಾಂಡ್ ಬಾರಿಸುವವರ ನಲವತ್ತು ಬಿಳಿ ಕೋಟುಗಳನ್ನು ಅವಳು ಒಬ್ಬಳೇ ಬೆಳ್ಳಗೆ ಮಾಡಿ ನೇತುಹಾಕಿದ ದಿನ, ಚಿಕ್ಕಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಅಂಗಡಿಯೊಳಗೆ ಬಂದಿದ್ದರು.

ಅಂಗಡಿಯ ಮೇಲಿನ ಮಹಡಿಯಲ್ಲಿ ಅಂಚೆ ಅಜ್ಜಿ ಇದ್ದಾರೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಅವರಿಗೊಂದು ಬೆಕ್ಕು, ಉದ್ದ ಕೂದಲಿನ, ಅಚ್ಚ ಬಿಳಿಯ, ಭಾರೀ ಗಾತ್ರದ ಬೆಕ್ಕು. ಹೆಸರು ಪೋಸ್ಟ್‌ಮಾಸ್ಟರ್. ಇಡೀ ದಿನ ಎತ್ತರದ ಜಾಗದಲ್ಲಿ ಕುಳಿತು, ಉಳಿದವರು ಕೆಲಸ ಮಾಡುವುದನ್ನು ಅರೆಗಣ್ಣಿನಲ್ಲಿ ನೋಡುತ್ತಿರುತ್ತದೆಂದು ಅಜ್ಜಿ ಆ ಹೆಸರಿಟ್ಟರಂತೆ. ಅಂಗಡಿಗೆ ಇಳಿದು ಬಂದಾಗಲೆಲ್ಲ ಅಜ್ಜಿ ಹುಡುಗಿಯನ್ನು ಮಾತನಾಡಿಸುತ್ತಿದ್ದರು. ಹುಡುಗಿ ಉತ್ತರ ಹೇಳುತ್ತಿದ್ದಳು. ಅಜ್ಜಿ ಕಿವಿಗೆ ಅಂಗೈ ಹಿಡಿದು “ಏನಂದೆ?” ಎನ್ನುತ್ತಿದ್ದರು. ಹುಡುಗಿ ಇನ್ನೊಮ್ಮೆ ಹೇಳುತ್ತಿದ್ದಳು, ಮೊದಲಿಗಿಂತ ಸಣ್ಣಗೆ. ಕಣ್ಣಿನದು ಮುಗಿಯಲಿ, ಆಮೇಲೆ ಈ ಹಾಳು ಕಿವಿಯನ್ನೂ ತೋರಿಸಬೇಕು ಎಂದು ಗೊಣಗುತ್ತ ಅಜ್ಜಿ ಮೆಟ್ಟಿಲು ಹತ್ತುತ್ತಿದ್ದರು. ಕೊನೆಗೆ ಕಿವಿ ಡಾಕ್ಟರ ಬಳಿ ದಿನವನ್ನೂ ಗೊತ್ತುಮಾಡಿಕೊಂಡರು.

ಕಣ್ಣಿನದು ಎಂದರೆ ಪೊರೆ. ಎರಡೂ ಕಣ್ಣಿಗೆ ಬಂದಿತ್ತು. ಮೊದಲು ಬಲಗಣ್ಣು, ಒಂದು ತಿಂಗಳು ಬಿಟ್ಟು ಎಡಗಣ್ಣು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬಲಗಣ್ಣಿಗಾಗಿ ಮೂರು ದಿನ ತಂಗಿಯ ಮಗಳ ಮನೆಯಲ್ಲಿ ಇರಬೇಕಾಗಿ ಬಂದಾಗ ಅಜ್ಜಿ ಬೆಕ್ಕನ್ನು ಎತ್ತಿಕೊಂಡು ಕೆಳಗೆ ಬಂದರು. ಮನೆಯ ಕೀಲಿಕೈಯನ್ನು ಚಿಕ್ಕಮ್ಮನ ಕೈಗೆ ಕೊಡಲಿಲ್ಲ, ಹುಡುಗಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ಒಂದು ವರ್ಷದಿಂದ ಇವನ ಮುಖಾನೇ ಕಂಡಿಲ್ಲ ಕಣೇ ನಂಗೆ. ಹೊಗೆ ಹಿಡಿದ ದಿಂಬು ಓಡಾಡಿದ ಹಾಗೆ ಕಾಣ್ತಾನೆ. ಕಣ್ಣಿನ ಪಟ್ಟಿ ಬಿಚ್ಚಿಸ್ಕೊಂಡು ಬಂದ ಮೇಲೆ ಮೊದಲು ಇವನನ್ನ ಕಣ್ತುಂಬ ನೋಡ್ಬೇಕು. ಚೆನ್ನಾಗಿ ನೋಡ್ಕೊ.”

ಯಾರೂ ಹುಡುಗಿಯನ್ನು ನಂಬಿ ಇಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. ಅವಳು ತಲೆಯಾಡಿಸಿದಳು. ಕೀಲಿಕೈಯನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು.

ಅಜ್ಜಿ ಹೋದ ಮೇಲೆ ಬೆಕ್ಕನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಯಿತು: ಕಣ್ಣು ಕಾಣದ ಅಜ್ಜಿ ಒಂದು ವರ್ಷ ಅದರ ಮೈ ಬಾಚಿದ್ದು ಬರೀ ಅಂದಾಜಿನ ಮೇಲೆ. ಕಂಕುಳಲ್ಲಿ, ಹೊಟ್ಟೆಯಲ್ಲಿ ಕೂದಲು ಗಂಟುಗಟ್ಟಿತ್ತು. ಕತ್ತಿನ ಸುತ್ತ ಹಳದಿ. ಸಾಲದೆಂದು ಎರಡನೆಯ ದಿನ ಪೋಸ್ಟ್‌ಮಾಸ್ಟರ್ ಚಿಕ್ಕಪ್ಪನ ಸ್ಕೂಟರಿನ ಕೆಳಗೆ ನಿದ್ದೆ ಮಾಡಿ, ಬೆನ್ನ ಮೇಲೆ ಎಣ್ಣೆಯ ಒಂದು ಕರಿ ಪಟ್ಟಿ ಬಳಿದುಕೊಂಡು ಬಂದಿತು.

ಹುಡುಗಿ ಆ ಪಟ್ಟಿಯನ್ನು ನೋಡಿದಳು. ಅವಳೊಳಗೆ ಬ್ಯಾಂಡಿನವರ ನಲವತ್ತು ಕೋಟುಗಳೂ ಒಟ್ಟಿಗೆ ಬಾರಿಸತೊಡಗಿದವು. ಕಲೆ ಎಂಬುದು ಯಾವತ್ತಾದರೂ ಅವಳ ಮುಂದೆ ನಿಂತದ್ದುಂಟೆ? ಅಜ್ಜಿಯ ಹೊಸ ಕಣ್ಣಿಗೆ ಮೊದಲು ಬೀಳುವುದು ಈ ಊರಿನಲ್ಲೇ ಅತ್ಯಂತ ಬೆಳ್ಳಗಿನ ಬೆಕ್ಕಾಗಿರಬೇಕು!

“ಸ್ನಾನ ಮಾಡಿಸ್ತೀನಿ. ಬೆಳ್ಳಗೆ ಮಾಡಿ ತೋರಿಸ್ತೀನಿ” ಎಂದಳು.

“ಏನಂದೆ ಪಿಸು?” ಎಂದರು ಚಿಕ್ಕಪ್ಪ, ಹಬೆಯ ಆಚೆಯಿಂದ. ಎರಡನೆಯ ಸಲ ಕೇಳಿಸಿತು. ಅವರು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಬೆಕ್ಕಿನ ಕಡೆ ತಿರುಗಿ ಕೈಕಟ್ಟಿ ನಿಂತರು. “ಸಾಹೇಬರು ಎಷ್ಟು ಹೊತ್ತಿಗೆ ದಯಮಾಡಿಸ್ತಾರೋ ಸ್ನಾನಕ್ಕೆ? ಮಡಿಸಿ ಕೊಡೋದೋ, ಹ್ಯಾಂಗರಿಗೆ ಹಾಕಿ ಕೊಡೋದೋ, ಅದೊಂದು ಮೊದಲೇ ಕೇಳಿಟ್ಕೊ.”

ಚಿಕ್ಕಮ್ಮ ಹೋಟೆಲಿಗೆ ಬಟ್ಟೆ ತರಲು ಹೋಗಿದ್ದಳು. ಹುಡುಗಿ ಕಾಯಲಿಲ್ಲ, ಆದರೆ ಆತುರವನ್ನೂ ಪಡಲಿಲ್ಲ. ಅಂಗಡಿಯ ಕ್ರಮ ಏನಿದೆಯೋ ಅದರಂತೆಯೇ ಹೊರಟಳು. ಮೊದಲು ಚೀಟಿ ಬರೆದಳು: ‘ಬೆಕ್ಕು, ಬಿಳಿ, ಒಂದು. ಬೆನ್ನಿನಲ್ಲಿ ಎಣ್ಣೆ ಕಲೆ. ಹರಿದದ್ದು ಇಲ್ಲ.’ ಗುಂಡಿಗಳು ಎಂಬ ಕಡೆ ಸ್ವಲ್ಪ ಯೋಚಿಸಿ ‘ಎರಡು, ಹೊಳೆಯುತ್ತಿವೆ’ ಎಂದು ಬರೆದಳು. ಚೀಟಿಯನ್ನು ಮೃದುವಾದ ಲಾಡಿಯಲ್ಲಿ ಅದರ ಕೊರಳಿಗೆ ಕಟ್ಟಿದಳು. ಆಮೇಲೆ ಪ್ರಾಣಿಗಳ ಔಷಧಿ ಅಂಗಡಿಗೆ ಹೋಗಿ, ಬಾಯಿಬಿಟ್ಟು ಕೇಳಲು ನಾಚಿ, ಇನ್ನೊಂದು ಚೀಟಿಯನ್ನು ಮುಂದೆ ಚಾಚಿ, ಬೆಕ್ಕಿಗೆಂದೇ ಇರುವ ಶಾಂಪೂ ತಂದಳು. ಇಷ್ಟರವರೆಗೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಬಾಚಲು ಒಂದೂವರೆ ಗಂಟೆ ಹಿಡಿಯಿತು. ಉಣ್ಣೆಯ ಕೋಟಿಗೆ ಬಳಸುವ ಮೃದುವಾದ ಬ್ರಷ್ಷು, ಅಗಲ ಹಲ್ಲಿನ ಬಾಚಣಿಗೆ. ಗಂಟು ಸಿಕ್ಕಿದಲ್ಲಿ ಬುಡ ಹಿಡಿದುಕೊಂಡು, ಎಳೆಯದೆ, ಎಳೆ ಎಳೆಯಾಗಿ ಬಿಡಿಸಿದಳು. ಪೋಸ್ಟ್‌ಮಾಸ್ಟರ್ ಒಂದು ಮಾತನ್ನೂ ಆಡಲಿಲ್ಲ. ಕಂಕುಳಿನ ಗಂಟು ಬಿಡಿಸುವಾಗ ಅವಳ ಕೈಯನ್ನು ಒಮ್ಮೆ ಹಲ್ಲಿನಿಂದ ಹಿಡಿಯಿತು, ಯೋಚಿಸಿತು, ಬಿಟ್ಟಿತು. ಅದಕ್ಕೆ ಹುಡುಗಿ ಇವತ್ತಿಗೂ ಋಣಿ. ಉದುರಿದ ಕೂದಲನ್ನು ಗುಡ್ಡೆ ಮಾಡಿದಾಗ ಅದು ಇನ್ನೊಂದು ಬೆಕ್ಕಿನಷ್ಟಾಯಿತು. ಇದರಲ್ಲಿ ನಮ್ಮದು ಯಾವುದು ಎಂದು ಚಿಕ್ಕಪ್ಪ ಕೇಳಿದರು.

ಇನ್ನು ಸ್ನಾನ. ಟಬ್ಬಿನ ತಳಕ್ಕೆ ಕಾಲು ಜಾರದಂತೆ ಟವೆಲ್ ಹಾಸಿದಳು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಮೊದಲ ಮಗ್ಗು ನೀರು ಬೆನ್ನಿಗೆ ಬಿದ್ದಾಗ ಪೋಸ್ಟ್‌ಮಾಸ್ಟರ್ ಇದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಗೋಡೆ ನೋಡಿತು. ಶಾಂಪೂ ಹಚ್ಚಿದಾಗಲೂ ಸಹಿಸಿತು. ಎಣ್ಣೆಯ ಪಟ್ಟಿ ಕರಗಿ ಇಳಿದೇಬಿಟ್ಟಿತು. ಹುಡುಗಿ ಮನಸ್ಸಿನಲ್ಲೇ ಬೀಗಿದಳು. ಬೀಗಿದ ಆ ಕ್ಷಣದಲ್ಲಿ ಕೈ ಸಡಿಲವಾಯಿತು.

ನೊರೆಯ ಒಂದು ಮುದ್ದೆ ಅವಳ ತೋಳು ಹತ್ತಿ, ಭುಜ ಹತ್ತಿ, ತಲೆಯ ಮೇಲೆ ಹೋಗಿ ಕುಳಿತಿತು. ಬಿದ್ದರೆ ಬೆಕ್ಕಿಗೆ ಪೆಟ್ಟಾದೀತೆಂದು ಹುಡುಗಿ ಅಲುಗಾಡದೆ ನಿಂತಳು. ಅದು ಅಲ್ಲಿಂದ ನೆಗೆದದ್ದು ಹೋಟೆಲಿನ ಹನ್ನೆರಡು ಮೇಜುಬಟ್ಟೆಗಳ ಮೇಲೆ; ಆಗಷ್ಟೇ ಇಸ್ತ್ರಿಯಾಗಿ ಇನ್ನೂ ಬೆಚ್ಚಗಿದ್ದವು. ಅಲ್ಲಿಂದ ಕಪಾಟು. ಕಪಾಟಿನಿಂದ ಒಣಹಾಕಿದ ಅಂಗಿಗಳ ತಂತಿ. ಅಂಗಿಗಳ ಸಾಲು ಇಡಿಯಾಗಿ ಒಂದು ಉಯ್ಯಾಲೆಯಾಯಿತು. ಚಿಕ್ಕಪ್ಪ ಒಂದು ಕೈಯಲ್ಲಿ ಟವೆಲ್, ಇನ್ನೊಂದರಲ್ಲಿ ಬಿಡಲು ಮರೆತ ಹ್ಯಾಂಗರ್ ಹಿಡಿದು ಹಿಂದೆ ಹಿಂದೆ ಓಡಿದರು. ಬಾಗಿಲಿಗೆ ಬಂದ ಗಿರಾಕಿಯೊಬ್ಬರಿಗೆ, ಸಾಹೇಬರು ಪ್ರವಾಸದಲ್ಲಿದ್ದಾರೆ, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದರು. ಕೊನೆಗೆ ಮೇಜಿನ ಮೂಲೆಯಲ್ಲಿ ಹುಡುಗಿ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಳು. ಅವಳ ಎದೆಯೂ ಬೆಕ್ಕಿನ ಎದೆಯೂ ಒಂದೇ ಸಮ ಹೊಡೆದುಕೊಳ್ಳುತ್ತಿದ್ದವು.

ಇಲ್ಲಿಗೆ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ಹುಡುಗಿ ಗಾಬರಿಯಲ್ಲಿ ತಪ್ಪು ಮಾಡಿದಳೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಗಾಬರಿಯೆಲ್ಲ ಇಳಿದ ಮೇಲೆ, ಸಮಾಧಾನವಾಗಿ, ಅಳತೆ ಮಾಡಿ ತಪ್ಪು ಮಾಡಿದಳು.

ಚಿಕ್ಕಮ್ಮನ ಲಾಂಡ್ರಿಗೆ ಒಂದು ಕಾನೂನಿದೆ. ಬಿಳಿ ಎಂದರೆ ಮೂರು ನೀರು, ಕೊನೆಯ ನೀರಿಗೆ ನಾಲ್ಕು ಹನಿ ನೀಲಿ. ನೀಲಿ ಕಾಣದ ಬಿಳಿ ಬಟ್ಟೆ ಆ ಬಾಗಿಲು ದಾಟಿದ್ದಿಲ್ಲ. ಹಳದಿಯಾದದ್ದಿದ್ದರೆ ಎಂಟು ಹನಿ. ಹುಡುಗಿ ಮೊದಲ ನೀರಿನಲ್ಲಿ ಜಾಲಿಸಿದಳು. ಎರಡನೆಯ ನೀರಿನಲ್ಲಿ ಜಾಲಿಸಿದಳು. ಮೂರನೆಯ ಬಕೆಟ್ಟಿನ ಮುಂದೆ ನಿಂತು ಬೆಕ್ಕಿನ ಕತ್ತನ್ನು ನೋಡಿದಳು. ಅಲ್ಲಿ ಹಳದಿ ಇನ್ನೂ ಇತ್ತು. ನೀಲಿಯ ಬಾಟಲಿ ಎತ್ತಿ ತುಟಿಯಲ್ಲೇ ಎಣಿಸುತ್ತ ಎಂಟು ಹನಿ ಹಾಕಿದಳು. ಗುರುತು ನಿಲ್ಲಬಾರದೆಂದು ಚೆನ್ನಾಗಿ ಕಲಕಿದಳು. ಪೋಸ್ಟ್‌ಮಾಸ್ಟರನ್ನು ಕತ್ತಿನವರೆಗೆ ಇಳಿಸಿ, ಎಲ್ಲ ಕಡೆ ಒಂದೇ ಸಮ ಹಿಡಿಯಲೆಂದು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದಳು.

ಒದ್ದೆ ಇದ್ದಾಗ ಏನೂ ತಿಳಿಯಲಿಲ್ಲ. ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಕೂರಿಸಿ, ಬಾಚುತ್ತ ಬಾಚುತ್ತ ಒಣಗಿಸಿದಳು. ಕೂದಲು ಒಂದೊಂದಾಗಿ ಅರಳಿತು. ಅರಳಿದ್ದೆಲ್ಲ ನೀಲಿ! ಮುಖವೊಂದು ಬಿಳಿ, ಕತ್ತಿನಿಂದ ಬಾಲದ ತುದಿಯವರೆಗೆ, ಎಲ್ಲೂ ಹೆಚ್ಚು ಕಡಿಮೆ ಇಲ್ಲದ, ಮೋಡವಿಲ್ಲದ ಆಕಾಶದ ನೀಲಿ. ಕೆಲಸದಲ್ಲಿ ಒಂದು ಕುಂದು ಹೇಳುವ ಹಾಗಿರಲಿಲ್ಲ.

ಹುಡುಗಿಯ ಕೈಯಿಂದ ಬಾಚಣಿಗೆ ಬಿತ್ತು. ಚಿಕ್ಕಪ್ಪ ಬಂದು ನೋಡಿದರು. ಬೆಕ್ಕಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಮೆಲ್ಲಗೆ ಹೇಳಿದರು:

“ಸದ್ಯ, ಗಂಜಿ ಹಾಕ್ಲಿಲ್ಲ ನೀನು. ಹಾಕಿದ್ರೆ ಗೋಡೆಗೆ ಒರಗಿಸಿ ನಿಲ್ಲಿಸ್ಬೇಕಾಗಿತ್ತು.”

ಅಷ್ಟರಲ್ಲಿ ಚಿಕ್ಕಮ್ಮ ಗಂಟು ಹೊತ್ತುಕೊಂಡು ಬಂದಳು. ಬೆಕ್ಕನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ನೀಲಿಯ ಬಾಟಲಿಯನ್ನು ನೋಡಿದಳು. ಎಷ್ಟು ಹನಿ ಎಂದು ಕೇಳಿದಳು. ಹುಡುಗಿ ಎಂಟು ಬೆರಳು ತೋರಿಸಿದಳು. ತೋರಿಸುವಾಗ ಅಳು ಬಂದುಬಿಟ್ಟಿತು. ಬಣ್ಣದ ಯೋಚನೆ ಆಮೇಲಿನದು. ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿ. ಈ ನೀಲಿ ಹೊಟ್ಟೆಗೆ ಹೋಗಿ ಏನಾದರೂ ಆದರೆ? ಅಜ್ಜಿ ಕಣ್ಣು ತೆರೆದು ನೋಡುವುದು ಏನನ್ನು?

ಚಿಕ್ಕಮ್ಮ ಬೈಯಲಿಲ್ಲ. ಗಂಟನ್ನು ಅಲ್ಲೇ ಹಾಕಿ, ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿ, ಬಾಟಲಿಯ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿದಳು. ಡಾಕ್ಟರು ಗಂಭೀರವಾಗಿ ಕೇಳಿಸಿಕೊಂಡರು. ಹನಿಗಳ ಲೆಕ್ಕ ಬಂದಾಗ ಆ ಕಡೆ ಫೋನು ಸ್ವಲ್ಪ ಹೊತ್ತು ಬಾಯಿಯಿಂದ ದೂರವಾಯಿತು, ನಗುವವರು ಹಾಗೆ ಮಾಡುತ್ತಾರೆ. ಅಷ್ಟು ತೆಳ್ಳಗಿನದಕ್ಕೆ ಹೆದರಬೇಕಾಗಿಲ್ಲ, ಆದರೂ ಬರೀ ನೀರಿನಲ್ಲಿ ಮತ್ತೆ ಎರಡು ಸಲ ಚೆನ್ನಾಗಿ ತೊಳೆಯಿರಿ, ಪೂರ್ತಿ ಒಣಗುವವರೆಗೆ ನೆಕ್ಕಲು ಬಿಡಬೇಡಿ, ವಾಂತಿ ಗೀಂತಿ ಆದರೆ ಕೂಡಲೇ ಕರೆತನ್ನಿ ಎಂದರು. ಬಣ್ಣ ಹೋಗುವುದು ಕೂದಲು ಉದುರಿ ಹೊಸದು ಬಂದ ಹಾಗೆಲ್ಲ, ನಿಧಾನವಾಗಿ.

ಚಿಕ್ಕಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಒದ್ದೆ ನೆಲದ ಮೇಲೆ ಹುಡುಗಿಯ ಪಕ್ಕದಲ್ಲೇ ಕುಳಿತಳು. ಬೆಳಗಿನಿಂದ ನಾಲ್ಕು ಬೀದಿ ಸುತ್ತಿ ಬಂದ ಕಾಲು ಅವಳದು. ಒಬ್ಬರು ಹಿಡಿದರು, ಒಬ್ಬರು ನೀರು ಹಾಕಿದರು. ನಡುವೆ ಒಮ್ಮೆ ಚಿಕ್ಕಮ್ಮ, ತಾನು ಹೊಸದಾಗಿ ಕೆಲಸ ಕಲಿಯುವಾಗ ಒಬ್ಬರು ಡಾಕ್ಟರರ ಆರು ಬಿಳಿ ಕೋಟುಗಳನ್ನು ಕೆಂಪು ಪರದೆಯ ಜೊತೆ ನೆನೆಹಾಕಿ ಗುಲಾಬಿ ಮಾಡಿದ್ದನ್ನು ಹೇಳಿದಳು. ಚಿಕ್ಕಪ್ಪ ಅಂಗಿಯ ಕಾಲರಿನೊಳಗೆ ಇಡುವ ರಟ್ಟನ್ನು ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ, ಬೆಕ್ಕು ಮೈ ನೆಕ್ಕದಂತೆ ಕೊರಳಿಗೆ ಅಗಲವಾದ ಪಟ್ಟಿ ಮಾಡಿಕೊಟ್ಟರು. ಅದನ್ನು ತೊಟ್ಟ ಪೋಸ್ಟ್‌ಮಾಸ್ಟರ್ ಬಡ್ತಿ ಸಿಕ್ಕವರಂತೆ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಪಟ್ಟಿ ತೆಗೆದರು. ಅದು ಹೊಟ್ಟೆ ತುಂಬ ತಿಂದು, ಮೇಜುಬಟ್ಟೆಗಳ ಮೇಲೆ ಮಲಗಿ ಗೊರಗೊರ ಎಂದಿತು. ಆಕಾಶದ ಬಣ್ಣ ಈಗ ತೆಳು ನೀಲಿ ಅಂಗಿಯ ಬಣ್ಣಕ್ಕೆ ಇಳಿದಿತ್ತು. ಅದಕ್ಕಿಂತ ಕೆಳಗೆ ಇಳಿಯಲು ಒಪ್ಪಲಿಲ್ಲ.

ಮರುದಿನ ಹತ್ತು ಗಂಟೆಗೆ ಅಂಚೆ ಅಜ್ಜಿ ಬಂದರು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಒಣಹಾಕಿದ ಅಂಗಿಗಳ ಸಾಲನ್ನು ದಾಟಿಕೊಂಡು ಒಳಗೆ ಬಂದು, ಬೆಂಚಿನ ಮೇಲೆ ಕುಳಿತು, ಆಸ್ಪತ್ರೆಯ ಕಥೆಯೆಲ್ಲ ಹೇಳಿದರು. ಹುಡುಗಿ ಬೆಕ್ಕನ್ನು ಹಿಡಿದುಕೊಂಡು ಕಪಾಟಿನ ಹಿಂದೆ ನಿಂತಿದ್ದಳು. ಹೇಳಬೇಕಾದ ಮಾತನ್ನು ಇಡೀ ಬೆಳಿಗ್ಗೆ ಕಲಿತಿದ್ದಳು. ಅದು ಯಥಾಪ್ರಕಾರ ಗಂಟಲಲ್ಲಿ ಚಾಪೆ ಹಾಸಿಕೊಂಡು ಕುಳಿತಿತ್ತು.

“ಒಂದೇ ಒಂದು ವಿಷಯ ಹೇಳಿದ್ದಾರಮ್ಮ ಡಾಕ್ಟರು. ಸ್ವಲ್ಪ ದಿನ ಬಿಳೀದೆಲ್ಲ ಒಂಚೂರು ನೀಲಿ ಕಂಡ್ರೂ ಕಾಣಬಹುದಂತೆ. ಹೆದರ್ಬೇಡಿ ಅಂದ್ರು” ಎಂದರು ಅಜ್ಜಿ.

ಚಿಕ್ಕಪ್ಪನ ಮುಖ ಬಲ್ಬಿನ ಹಾಗೆ ಬೆಳಗಿತು. ಕಪಾಟಿನ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು ತಂದು ಕೊಡು ಎಂದು ಕಣ್ಣಲ್ಲೇ ಹೇಳಿದರು. ಚಿಕ್ಕಮ್ಮ ನೆಲ ನೋಡಿದಳು. ಹುಡುಗಿ ಬಂದು ಬೆಕ್ಕನ್ನು ಅಜ್ಜಿಯ ತೊಡೆಯ ಮೇಲಿಟ್ಟಳು.

ಅಜ್ಜಿ ಕನ್ನಡಕ ಸರಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಅದರ ಗಲ್ಲ ಎತ್ತಿ ಮುಖ ನೋಡಿದರು, ಮೀಸೆ ನೋಡಿದರು, ಕಿವಿಯೊಳಗೆ ನೋಡಿದರು. ಅವರ ಕಣ್ಣಿನಲ್ಲಿ ನೀರು ತುಂಬಿತು. ಎಷ್ಟು ಚೆನ್ನಾಗಿದ್ದಾನೆ ಎಂದರು. ಒಂದು ಗಂಟೂ ಇಲ್ಲ ಎಂದರು. ಆಮೇಲೆ ಬೆನ್ನ ಮೇಲೆ ಕೈಯಾಡಿಸುತ್ತ, ಡಾಕ್ಟರು ಹೇಳಿದ್ದು ನಿಜ, ನೀಲಿಯೇ ಕಾಣುತ್ತಿದೆ ಎಂದರು.

“ಒಂದೆರಡು ವಾರ, ಅಷ್ಟೇ. ತಾನಾಗೇ ಸರಿಹೋಗುತ್ತೆ ಬಿಡಿ ಅಜ್ಜಿ” ಎಂದರು ಚಿಕ್ಕಪ್ಪ, ತಾವೇ ಆಪರೇಷನ್ ಮಾಡಿದವರ ಹಾಗೆ.

“ಇಲ್ಲಪ್ಪ, ಇದು ಒಂಚೂರಲ್ಲ, ಸುಮಾರಾಗೇ ನೀಲಿ. ಒಂದು ಕಣ್ಣಿಗೆ ಇಷ್ಟಾದ್ರೆ ಎರಡಕ್ಕೆ ಇನ್ನೆಷ್ಟೋ. ಫೋನ್ ಮಾಡಿ ಹೇಳಿಬಿಡ್ತೀನಿ, ಇನ್ನೊಂದು ಕಣ್ಣು ನಂಗೆ ಬೇಡವೇ ಬೇಡ ಅಂತ.” ಅಜ್ಜಿ ಚೀಲದೊಳಗೆ ಫೋನಿಗಾಗಿ ತಡಕಾಡತೊಡಗಿದರು.

ಚಿಕ್ಕಪ್ಪನ ಬಲ್ಬು ಆರಿತು. ಇಸ್ತ್ರಿ ಪೆಟ್ಟಿಗೆಯ ಹಬೆಯೂ ಆಗ ‘ಸುಸ್’ ಎನ್ನುತ್ತಿರಲಿಲ್ಲ. ಹುಡುಗಿ ನಿಂತೇ ಇದ್ದಳು, ಆದರೂ ಎದ್ದು ನಿಂತ ಹಾಗಾಯಿತು ಅವಳಿಗೆ. ತರಗತಿಯಲ್ಲಿ ನಿಲ್ಲುತ್ತಿದ್ದಳಲ್ಲ, ಎರಡೂ ಕೈ ಪಕ್ಕಕ್ಕೆ ಬಿಟ್ಟು, ಹಾಗೆ. ಕೊರಳಿನ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಅಜ್ಜಿ, ಬೇಡ, ಫೋನ್ ಮಾಡ್ಬೇಡಿ! ನಿಮ್ಮ ಕಣ್ಣು ಸರಿಯಾಗೇ ಇದೆ. ಬೆಕ್ಕೇ ನೀಲಿ ಇರೋದು. ಕೊನೆಯ ನೀರಿಗೆ ನಾನೇ ನೀಲಿ ಹಾಕಿದೆ. ಎಂಟು ಹನಿ!”

ಎದುರಿನ ಅಂಗಡಿಯವರು ತಲೆ ಹೊರಗೆ ಹಾಕಿ ನೋಡಿದರು. ತಂತಿಯ ಮೇಲಿನ ಅಂಗಿಗಳು ಅಲುಗಿದವು ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ, ಅದು ಸುಳ್ಳು. ಪೋಸ್ಟ್‌ಮಾಸ್ಟರ್ ಕಿವಿ ಹಿಂದಕ್ಕೆ ಮಡಿಸಿದ್ದು ಮಾತ್ರ ನಿಜ.

ಅಜ್ಜಿ ಫೋನ್ ಹುಡುಕುವುದನ್ನು ನಿಲ್ಲಿಸಿದರು.

“ಗೊತ್ತು ಕಣೇ” ಎಂದರು. “ಬರುವಾಗಲೇ ಕನ್ನಡಕ ಎತ್ತಿ ಸಾಲಾಗಿ ಬಿಳಿ ಅಂಗಿ ನೋಡ್ಕೊಂಡು ಬಂದೆ. ಅವೆಲ್ಲ ಬೆಳ್ಳಗೇ ಇವೆ, ಇವನೊಬ್ಬ ಮಾತ್ರ ನೀಲಿ. ಮೂವತ್ತೈದು ವರ್ಷ ಅಂಚೆ ವಿಂಗಡಿಸಿದೋಳಿಗೆ ಅಷ್ಟೂ ಬೇರೆ ಮಾಡೋಕ್ಕೆ ಬರಲ್ವಾ?”

“ಮತ್ತೆ ಫೋನ್?” ಎಂದಳು ಹುಡುಗಿ. ಇದೂ ಗಟ್ಟಿಯಾಗಿಯೇ ಬಂತು.

“ಮಾಡ್ತೀನಿ, ಬಿಡ್ತೀನಾ? ಕಿವಿ ಡಾಕ್ಟರಿಗೆ. ಬರಲ್ಲ ಅಂತ ಹೇಳ್ಬೇಕು.” ಅಜ್ಜಿ ಕನ್ನಡಕವನ್ನು ಮತ್ತೆ ಏರಿಸಿಕೊಂಡರು. “ಒಂದು ವರ್ಷದಿಂದ ನನ್ನ ಕಿವೀನೇ ಕೆಟ್ಟಿದೆ ಅಂದ್ಕೊಂಡಿದ್ದೆ. ನೋಡಿದ್ರೆ ಏನೂ ಆಗಿಲ್ಲ ಅದಕ್ಕೆ!”

ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಹುಡುಗಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೊರಳಿನ ದಾರ ಬಿಚ್ಚಿ ಕೀಲಿಕೈಯನ್ನು ಮುಂದೆ ಚಾಚಿದಳು. ಅಜ್ಜಿ ಅವಳ ಬೆರಳುಗಳನ್ನು ಮತ್ತೆ ಮಡಿಸಿದರು. ಎಡಗಣ್ಣಿನ ಆಪರೇಷನ್ನಿಗೆ ಹೋದಾಗ ಬೆಕ್ಕನ್ನು ಇನ್ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಮೆಟ್ಟಿಲು ಹತ್ತುವಾಗ ತಿರುಗಿ, ಇದನ್ನೆಲ್ಲ ಒಂದು ಕಾಗದದಲ್ಲಿ ಬರೆ, ಪತ್ರಿಕೆಗೆ ಕಳಿಸೋಣ ಎಂದರು. ಅಕ್ಷರ ಚೆನ್ನಾಗಿಲ್ಲ ಎಂದದ್ದಕ್ಕೆ, ತಾವು ಓದಿರುವ ಕೆಟ್ಟ ಅಕ್ಷರಗಳ ಮುಂದೆ ನಿನ್ನದು ಯಾವ ಮೂಲೆಗೆ ಎಂದುಬಿಟ್ಟರು.

ಇದು ನಾಲ್ಕನೆಯ ಪ್ರತಿ. ಇದಕ್ಕೂ ಮೊದಲಿನದರಲ್ಲಿ ಒಂದು ಪುಟದ ಮೇಲೆ ಪೋಸ್ಟ್‌ಮಾಸ್ಟರ್ ಕುಳಿತುಬಿಟ್ಟಿತ್ತು. ಈಗ ಅದರ ಕತ್ತು, ಎದೆ ಬಿಳಿಯಾಗಿದೆ; ಬಾಲ ಇನ್ನೂ ನೀಲಿ. ನನಗೆ ಬೈಯದ ಚಿಕ್ಕಮ್ಮನಿಗೆ, ರಟ್ಟು ಕತ್ತರಿಸಿಕೊಟ್ಟ ಚಿಕ್ಕಪ್ಪನಿಗೆ, ಹೆಸರೂ ಗೊತ್ತಿಲ್ಲದ ಆ ಪ್ರಾಣಿಗಳ ಡಾಕ್ಟರಿಗೆ, ಕಚ್ಚದೆ ಬಿಟ್ಟ ಬೆಕ್ಕಿಗೆ ಬಾಯಿಬಿಟ್ಟು ಹೇಳಬೇಕಾದದ್ದು ಇನ್ನೂ ಬಾಕಿ ಇದೆ. ಅಜ್ಜಿಗೆ ಹೇಳಿ ಆಯಿತು. “ಗಟ್ಟಿಯಾಗಿ ಹೇಳು” ಎಂದರು, ಎರಡು ಸಲ ಹೇಳಿಸಿಕೊಂಡರು.

ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮಹಡಿಗೆ ಹೋಗಿ ಬೆಕ್ಕಿನ ಮೈ ಬಾಚುತ್ತೇನೆ. ಬಾಚಣಿಗೆ, ಈ ಕಾಗದ, ಎರಡನ್ನೇ ತೆಗೆದುಕೊಂಡು ಹೋಗುತ್ತೇನೆ, ನೀಲಿಯ ಬಾಟಲಿಯನ್ನಲ್ಲ. ಅಜ್ಜಿಯ ಮುಂದೆ ಇದನ್ನು ಎದ್ದು ನಿಂತು ಪೂರ್ತಿ ಓದುತ್ತೇನೆ. ಆಮೇಲೆ ಅಂಚೆಗೆ ಹಾಕುತ್ತೇನೆ.